ನಡುಮನೆ ಸೇರಿದ ರಾಣಿಯವರ ಮೇಲೊಂದು ದೂರು

ಮಾನ್ಯ ರಾಣಿ ಜೇನಿನವರ ದಿವ್ಯ ಸನ್ನಿಧಾನಕ್ಕೆ, ಗಾವಡಗೆರೆ ಬಳಿಯ ನಮ್ಮ ಕೇರಿಯಿಂದ ಯಶೋಧರಾ ಎಂಬುವಳು ಊದಿದ ಎಡಗಣ್ಣಿನ ಸಮೇತ ಮಾಡುವ ನಮಸ್ಕಾರಗಳು.

ರಾಜ, ರಾಣಿ ಎಂದರೆ ಸಂಘಟನೆಯ ಮೆರವಣಿಗೆಗಳಲ್ಲಿ ಧಿಕ್ಕಾರ ಕೂಗಿಯೇ ಬೆಳೆದ ನಾಲಿಗೆ ನನ್ನದು. ಆದರೂ ಜೇನು ಸಾಕುವ ಹುಚ್ಚು ಹತ್ತಿ, ಹುಣಸೂರಿನಲ್ಲಿ ಎರಡು ದಿನ ತರಬೇತಿ ಪಡೆದು, ಪರಿವಾರ ಸಮೇತ ತಮ್ಮನ್ನು ಪೆಟ್ಟಿಗೆಯಲ್ಲಿ ಕೂರಿಸಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕರೆತಂದೆ. ಕಂಡಕ್ಟರು "ಏನಮ್ಮಾ ಒಳಗೆ ಗುಂಯ್ ಅಂತದೆ?" ಎಂದಾಗ "ನೆಂಟ್ರು ಕಣಣ್ಣ" ಎಂದು ತಮ್ಮ ಮಾನ ಉಳಿಸಿದೆ. "ಎಮ್ಮೆ ಕಟ್ಟು, ಕೋಳಿ ಸಾಕು ಅಂದ್ರೆ ಉಳ ಒತ್ಕೊಂಡು ಬಂದವ್ಳೆ ನೋಡು" ಎಂದ ನನ್ನತ್ತೆ ಕೆಂಪಾಜಮ್ಮನವರ ಬಾಯಿಯನ್ನೂ ತಮ್ಮ ಪರವಾಗಿ ಮುಚ್ಚಿಸಿದೆ.

ಇನ್ನು ನನ್ನ ತಪ್ಪು. ಪೆಟ್ಟಿಗೆ ತೆರೆಯುವ ಮುನ್ನ ಎರಡು ಸಲ ಹೊಗೆ ಊದಿದರೆ ಹುಳುಗಳು ಶಾಂತವಾಗುತ್ತವೆಂದು ತರಬೇತಿಯಲ್ಲಿ ಹೇಳಿದ್ದರು. ಎರಡು ಸಲಕ್ಕೇ ಶಾಂತರಾಗುವವರು ಹಗಲಿಡೀ ಹೊಗೆಯಲ್ಲಿದ್ದರೆ ಸಾಧುಸಂತರೇ ಆಗಿಬಿಡುತ್ತಾರೆಂದು ಲೆಕ್ಕ ಹಾಕಿದ ನಾನು, ನಮ್ಮ ಹಿತ್ತಿಲಿಗೆ ತಾಗಿದ ನಂಜುಂಡೇಶ್ ಅವರ ಹೊಗೆಸೊಪ್ಪನ್ನು ಕಾವು ಕೊಟ್ಟು ಹದಮಾಡುವ ಬ್ಯಾರನ್ ಕೋಣೆಯ ಒಲೆ ಮಗ್ಗುಲಿಗೇ ಪೆಟ್ಟಿಗೆ ಇಟ್ಟೆ. ಕಾಡಿಗೆ ಬೆಂಕಿ ಬಿತ್ತೆಂದು ಹೆದರಿ ತಾವು ಮೂರನೇ ದಿನವೇ ನನ್ನ ಕಣ್ಣಿಗೊಂದು ಮುಳ್ಳು ಕೊಟ್ಟು ಹೊರಟಿರಿ. ಒಪ್ಪಿದೆ.

ಆದರೆ ತಾಯಿ, ಹೋಗಿದ್ದೆಲ್ಲಿಗೆ? ಅದೇ ನಂಜುಂಡೇಶ್ ಅವರ ನಡುಮನೆಯ ಮರದ ಬೀರುವಿನೊಳಕ್ಕೆ! ಹದಿನಾರು ವರ್ಷದಿಂದ ಕೂಲಿಗೆ ಅವರ ಹೊಗೆಸೊಪ್ಪನ್ನು ಕಡ್ಡಿಗೆ ಪೋಣಿಸುತ್ತಿರುವ ನಾನು ಇಂದಿಗೂ ಅವರ ಜಗಲಿ ಹತ್ತಿದವಳಲ್ಲ. ಮನವಿಯಿಲ್ಲ, ಧರಣಿಯಿಲ್ಲ, ಒಂದು ಕರಪತ್ರವೂ ಇಲ್ಲ; ತಾವು ಮಾತ್ರ ಸಾವಿರಾರು ಜನರ ದಂಡು ಕಟ್ಟಿಕೊಂಡು ಹಾಡಹಗಲೇ ಮುಂಬಾಗಿಲಿನಿಂದ ಒಳನಡೆದಿರಿ. ಯಾವ ಕೇರಿಯಿಂದ ಬಂದಿರೆಂದು ತಮ್ಮನ್ನು ಯಾರೂ ಕೇಳಲಿಲ್ಲವೇ? ನಮ್ಮ ಸಂಘಟನೆಯವರೆಲ್ಲ ಬಂದು ತಮ್ಮ ಬಳಿ ಶಿಬಿರ ಮಾಡಿಸಿಕೊಳ್ಳಬೇಕು ನೋಡಿ.

ಈಗ ಭಾನುವಾರ ಅವರ ಮಗಳು ರಮ್ಯಳನ್ನು ನೋಡಲು ಕಂಪಲಾಪುರದಿಂದ ಗಂಡಿನವರು ಬರುತ್ತಾರಂತೆ. ಹುಡುಗಿ ಉಡುವ ಸೀರೆ ಬೀರುವಿನಲ್ಲಿ, ಸೀರೆಯ ನೆತ್ತಿಯ ಮೇಲೆ ತಾವು. ತಮ್ಮನ್ನು ಹಿಡಿಯಬಲ್ಲವಳು ಊರಿಗೆಲ್ಲ ನಾನೊಬ್ಬಳೇ. ನಿನ್ನೆ ನಂಜುಂಡೇಶ್ ಬಂದು, "ಇತ್ಲು ಬಾಗ್ಲಿಂದ ಬಂದು ಸದ್ದಿಲ್ದಂಗೆ ಇಡ್ಕೊಂಡೋಗವ್ವ" ಎಂದರು.

"ಅವು ಮುಂದ್ಲು ಬಾಗ್ಲಿಂದ ಬಂದವೆ ಕಣಣ್ಣ, ನಾನೂ ಅಂಗೇ ಬತ್ತೀನಿ" ಎಂದೆ.

"ಉಳಕ್ಕೂ ನಿಂಗೂ ಒಂದೇನವ್ವ?" ಎಂದು ಗೊಣಗುತ್ತ ಹೋದರು. ಅವರ ಬಲಗಿವಿ ಉದ್ದಿನವಡೆಯಷ್ಟು ಊದಿತ್ತು.

ಆದಕಾರಣ, ವಾಪಸು ಬನ್ನಿ ಎಂದು ಕೇಳಲು ಕುಳಿತ ನಾನು ಆ ಬೇಡಿಕೆಯನ್ನು ಇಲ್ಲಿಗೇ ಕೈಬಿಟ್ಟಿದ್ದೇನೆ. ತಾವು ಅಲ್ಲೇ ಝಂಡಾ ಊರಿ, ಎರಿ ಕಟ್ಟಿ, ಮೊಟ್ಟೆಯಿಟ್ಟು ವಂಶ ಬೆಳೆಸಬೇಕು. ಹಿತ್ತಿಲ ಬಾಗಿಲಿನಿಂದ ಯಾರೇ ಹೊಗೆ ಹಿಡಿದು ಬಂದರೂ ಮುಲಾಜಿಲ್ಲದೆ ಚುಚ್ಚಬೇಕು. ರಮ್ಯಳನ್ನು ಮಾತ್ರ ಮುಟ್ಟಬೇಡಿ. ಒಮ್ಮೆ ಅಂಗಳದಲ್ಲಿ ನನಗೆ ಕುರ್ಚಿ ಹಾಕಲು ಹೋಗಿ ಅಪ್ಪನಿಂದ ಬೈಸಿಕೊಂಡ ಹುಡುಗಿ ಅದು. ನಾನು ಮುಂದಿನ ಹೊಸ್ತಿಲು ದಾಟಿ ಬರುವತನಕ ತಮ್ಮ ಒಂದು ರೆಕ್ಕೆಯೂ ಆ ಬೀರುವಿನಿಂದ ಕದಲಕೂಡದು.

ಕದವೊಂದು ತೆರೆಯಲೆಂದು ಕಾದಿರುವ, ತಮ್ಮ ವಿಶ್ವಾಸಿ,
ಯಶೋಧರಾ

ಕೊನೆಗೊಂದು ಮಾತು: ಇಷ್ಟು ಬರೆಯುವಷ್ಟರಲ್ಲಿ ರಮ್ಯ ಓಡಿಬಂದು, "ಅಕ್ಕಾ, ಮುಂದ್ಲು ಬಾಗ್ಲು ತಗ್ದದೆ, ಅಪ್ಪನೇ ತಗ್ದಿದ್ದು, ಬಿರ್ನೆ ಬಾ" ಎಂದಳು. ಹೊರಟಿದ್ದೇನೆ. ತಾವೇನೂ ಆತುರಪಡಬೇಡಿ, ನನಗೆ ಮೊದಲು ಆ ನಡುಮನೆಯಲ್ಲಿ ಕುಳಿತು, ಒಂದು ಲೋಟ ಕಾಫಿಯನ್ನು ಆರಿಸಿ ಆರಿಸಿ ಕುಡಿಯುವುದಿದೆ.