ಹೊಸ ಲ್ಯಾಪ್‌ಟಾಪಿನ ಸ್ವಯಂ ವಿಶ್ರಾಂತಿ

ನಮ್ಮ ವಿವಾಹ ನೋಂದಣಿ ಕಚೇರಿಗೆ ಸರಬರಾಜಾದ ಹೊಸ ಲ್ಯಾಪ್‌ಟಾಪು ಈ ಕ್ಷಣಕ್ಕೂ ಹೊಸದಾಗಿಯೇ ಇದೆ ಎಂಬುದನ್ನು ಎಲ್ಲಕ್ಕಿಂತ ಮೊದಲು ತಿಳಿಸಬೇಕಾಗಿದೆ. ಅದು ಕೆಟ್ಟಿದೆ ಎಂದು ಹೊರಗೆ ಸುದ್ದಿ ಹಬ್ಬಿಸುವವರಿದ್ದಾರೆ. ಕೆಲಸ ಮಾಡುತ್ತಿಲ್ಲ ಎಂಬ ಒಂದೇ ಕಾರಣಕ್ಕೆ ಕೆಟ್ಟಿದೆ ಎನ್ನುವುದಾದರೆ, ಆ ಮಾತು ನಮ್ಮ ಕಚೇರಿಯಲ್ಲಿ ನನ್ನನ್ನೂ ಸೇರಿಸಿ ಬಹಳ ಮಂದಿಗೆ ಅನ್ವಯಿಸುತ್ತದೆ. ನಾನು ಇಲ್ಲಿಯ ಹಿರಿಯ ಗುಮಾಸ್ತ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಲ್ಯಾಪ್‌ಟಾಪಿನ ಬೆನ್ನಿಗೇ ಮೇಲಿನಿಂದ ಆದೇಶವೂ ಬಂದಿತ್ತು. ಇನ್ನು ಮುಂದೆ ಯಾವ ಮದುವೆಯನ್ನೂ ಕೈಬರಹದಲ್ಲಿ ನೋಂದಾಯಿಸತಕ್ಕದ್ದಲ್ಲ, ಎಲ್ಲವೂ ಹೊಸ ಯಂತ್ರದ ಮೂಲಕವೇ ನಡೆಯತಕ್ಕದ್ದು. ಡಬ್ಬ ಬಿಚ್ಚಿ ಯಂತ್ರವನ್ನು ಮೇಜಿನ ಮೇಲಿಟ್ಟೆವು. ಅದನ್ನು ಒಂದು ಸಡಿಲವಾದ ಪ್ಲಾಸ್ಟಿಕ್ ಚೀಲದೊಳಗೆ ಇಟ್ಟು ಸುತ್ತಲೂ ಅಂಟಿಸಿದ್ದರು. ನಮ್ಮ ಟೈಪಿಸ್ಟ್ ಅಕ್ಕ ಅಂಟಿಗೆ ಉಗುರು ಹಾಕಿದ್ದೇ ತಡ, ಸಾಹೇಬರು ಕುರ್ಚಿಯಿಂದ ಎದ್ದು ನಿಂತುಬಿಟ್ಟರು. ಅವರು ಹಾಗೆ ಎದ್ದು ನಿಂತದ್ದನ್ನು ನಾನು ಊಟದ ಹೊತ್ತು ಬಿಟ್ಟರೆ ಬೇರೆ ಯಾವಾಗಲೂ ನೋಡಿಲ್ಲ.

"ಅದನ್ನ ಬಿಚ್ಚಿದ್ರೆ ಅದು ಹಳೇದಾಗುತ್ತೆ" ಎಂದರು ಸಾಹೇಬರು.

ಈ ಮಾತಿನ ಹಿಂದೆ ಅನುಭವವಿತ್ತು. ವರ್ಷಕ್ಕೊಮ್ಮೆ ನಮ್ಮಲ್ಲಿಗೆ ದಾಸ್ತಾನು ತಪಾಸಣಾಧಿಕಾರಿ ಬರುತ್ತಾರೆ. ಹಿಂದಿನ ಸಲ ಬಂದಾಗ, ಹೊಸ ಕುರ್ಚಿಯೊಂದರ ಮೇಲಿನ ಪ್ಲಾಸ್ಟಿಕ್ಕನ್ನು ಯಾರೋ ಕಿತ್ತು ಹಾಕಿದ್ದರು. ತಪಾಸಣಾಧಿಕಾರಿ ಕುರ್ಚಿಯ ಸುತ್ತ ಪ್ರದಕ್ಷಿಣೆ ಹಾಕಿ, "ಹೊಸ ಕುರ್ಚಿ ಒಂದು ನಾಪತ್ತೆ, ಹಳೆಯ ಕುರ್ಚಿ ಒಂದು ಹೆಚ್ಚುವರಿ" ಎಂದು ಬರೆದುಕೊಂಡು ಹೋದರು. ಎರಡಕ್ಕೂ ಪ್ರತ್ಯೇಕ ವಿವರಣೆ ಕೊಡುವಷ್ಟರಲ್ಲಿ ಸಾಹೇಬರ ತಲೆಗೂದಲು ಅರ್ಧ ಬೆಳ್ಳಗಾಯಿತು. ಅಂದಿನಿಂದ ನಮ್ಮ ಕಚೇರಿಯಲ್ಲಿ ಹೊಸದನ್ನು ಹೊಸದಾಗಿಯೇ ಉಳಿಸುವ ಸಂಪ್ರದಾಯ ಬೆಳೆದುಬಂದಿದೆ. ಗಡಿಯಾರದ ಗಾಜಿನ ಮೇಲಿನ ಹಾಳೆಯನ್ನೂ ತೆಗೆದಿಲ್ಲ. ಗಂಟೆ ಎಷ್ಟೆಂದು ಸರಿಯಾಗಿ ಕಾಣುವುದಿಲ್ಲ, ಆದರೆ ಅದರಿಂದ ಯಾವ ಸಿಬ್ಬಂದಿಗೂ ತೊಂದರೆಯಾಗಿಲ್ಲ.

ಹೀಗಾಗಿ ಯಂತ್ರವನ್ನು ಚೀಲದೊಳಗೇ ಬಳಸತಕ್ಕದ್ದೆಂದು ತೀರ್ಮಾನವಾಯಿತು. ಚೀಲ ಸಡಿಲವಿದ್ದುದರಿಂದ ಮುಚ್ಚಳ ಅದರೊಳಗೇ ತೆರೆದುಕೊಳ್ಳುತ್ತಿತ್ತು. ವಿದ್ಯುತ್ ತಂತಿ ತೂರಿಸಲು ಒಂದು ಸಣ್ಣ ತೂತಿಗೆ ಮಾತ್ರ ಸಾಹೇಬರು ಭಾರವಾದ ಮನಸ್ಸಿನಿಂದ ಒಪ್ಪಿಗೆ ಕೊಟ್ಟರು.

ಮೊದಲ ಅರ್ಜಿದಾರರು ಒಬ್ಬ ನರ್ಸಮ್ಮ ಮತ್ತು ಅವಳ ಗಂಡ. ಗಂಡ ನೀರು ಸರಬರಾಜಿನ ಪಂಪ್‌ಹೌಸಿನಲ್ಲಿ ಆಪರೇಟರು. ಮದುವೆಯಾಗಿತ್ತು, ಸಂಸಾರ ಶುರುವಾಗಿರಲಿಲ್ಲ. ಅವಳಿದ್ದದ್ದು ಆಸ್ಪತ್ರೆಯ ಹಾಸ್ಟೆಲಿನಲ್ಲಿ, ಅಲ್ಲಿ ಗೇಟಿನಿಂದಾಚೆಗೆ ಗಂಡಸರನ್ನು ಬಿಡುವುದಿಲ್ಲ. ಅವನಿದ್ದದ್ದು ಇನ್ನೂ ಕೆಲವು ಆಪರೇಟರುಗಳ ಜೊತೆ ಒಂದೇ ಕೋಣೆಯಲ್ಲಿ, ಅಲ್ಲಿ ಗೊರಕೆಗೇ ಜಾಗ ಸಾಲುತ್ತಿರಲಿಲ್ಲ. ಬಾಡಿಗೆ ಮನೆಗಳು ಇಬ್ಬರ ಸಂಬಳ ಸೇರಿಸಿದರೂ ಕೈಗೆಟುಕುವಂತಿರಲಿಲ್ಲ. ಪಂಪ್‌ಹೌಸಿನ ಹಿಂದೆ ಖಾಲಿ ಬಿದ್ದಿದ್ದ ಒಂದು ಪುಟ್ಟ ವಸತಿಗೃಹವನ್ನು ಮದುವೆಯ ಪ್ರಮಾಣಪತ್ರ ತಂದರೆ ಕೊಡುತ್ತೇವೆ ಎಂದು ಅವನ ಮೇಲಧಿಕಾರಿ ಹೇಳಿದ್ದರಂತೆ.

"ಬೇರೇನೂ ಬೇಡ ಸಾರ್. ಒಂದು ಬಾಗಿಲು, ಒಳಗಡೆಯಿಂದ ಹಾಕೋಕೆ ಒಂದು ಚಿಲಕ, ಅಷ್ಟು ಸಾಕು" ಎಂದಳು ನರ್ಸಮ್ಮ. ಪಂಪ್ ಆಪರೇಟರು ನಾಚಿ ಗೋಡೆ ನೋಡಿದ. ನನಗೆ ಅವರ ಮೇಲೆ ನಿಜಕ್ಕೂ ಕನಿಕರ ಹುಟ್ಟಿತು, ಅದನ್ನು ಇಲ್ಲಿ ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಟೈಪಿಸ್ಟ್ ಅಕ್ಕ ಪ್ಲಾಸ್ಟಿಕ್ಕಿನ ಮೇಲಿಂದಲೇ ವರನ ವಿವರ ತುಂಬಿದರು. ವಧುವಿನ ವಿವರಕ್ಕೆ ಬರುತ್ತಿದ್ದಂತೆ ಯಂತ್ರ ಒಮ್ಮೆ ಬುಸುಗುಟ್ಟಿ, ಪರದೆ ಕಪ್ಪಾಗಿ, ಸುಮ್ಮನಾಯಿತು. ಮತ್ತೆ ಚಾಲೂ ಮಾಡಿದರು. ಮತ್ತೆ ವರ ಮುಗಿದ, ವಧು ಬರುವಷ್ಟರಲ್ಲಿ ಮತ್ತೆ ಕಪ್ಪು. ಮರುದಿನವೂ ಅದೇ ಕಥೆ. ಮೇಜಿನ ದಿಕ್ಕು ಬದಲಿಸಿದೆವು. ಪ್ಲಗ್ ಬದಲಿಸಿದೆವು. ಮೊದಲು ವಧು, ಆಮೇಲೆ ವರ ಎಂದು ತುಂಬಿ ನೋಡಿದೆವು. ಆಗ ಯಂತ್ರ ವರನ ಮೇಲೆ ಮುನಿಸಿಕೊಂಡಿತು. ಯಂತ್ರಕ್ಕೆ ಟೈಪಿಸ್ಟ್ ಅಕ್ಕನ ಕೈ ಹಿಡಿಸಿಲ್ಲವೇನೋ ಎಂದು ಅವರನ್ನು ಒಂದು ವಾರ ಟಪಾಲು ವಿಭಾಗಕ್ಕೆ ಹಾಕಿ ನಾನೇ ಕೂತೆ. ನನ್ನ ಕೈಯೂ ಹಿಡಿಸಲಿಲ್ಲ.

ಜನ ಆಡಿಕೊಳ್ಳತೊಡಗಿದಾಗ ಸಾಹೇಬರು ಸುತ್ತೋಲೆ ಹೊರಡಿಸಿದರು. "ಕಚೇರಿಯ ಯಂತ್ರವು ಕ್ರ್ಯಾಶ್ ಆಯಿತು, ಕೈಕೊಟ್ಟಿತು, ಸತ್ತಿತು ಮುಂತಾದ ಪದಗಳನ್ನು ಸಿಬ್ಬಂದಿಯಾಗಲಿ ಸಾರ್ವಜನಿಕರಾಗಲಿ ಬಳಸತಕ್ಕದ್ದಲ್ಲ. ಯಂತ್ರವು ಸ್ವಯಂ ವಿಶ್ರಾಂತಿಗೆ ತೆರಳಿದೆ ಎನ್ನತಕ್ಕದ್ದು. ವಿಶ್ರಾಂತಿಯಲ್ಲಿರುವ ಯಂತ್ರದ ಎದುರು ಗಟ್ಟಿಯಾಗಿ ನಿಟ್ಟುಸಿರು ಬಿಡುವವರ ಅರ್ಜಿಯನ್ನು ಸಾಲಿನ ಕೊನೆಗೆ ಕಳುಹಿಸಲಾಗುವುದು." ಇದರಿಂದ ಕ್ರ್ಯಾಶ್ ಆಗುವುದು ಪೂರ್ತಿಯಾಗಿ ನಿಂತುಹೋಯಿತು. ವಿಶ್ರಾಂತಿ ಮಾತ್ರ ಮುಂದುವರಿಯಿತು.

ಕೊನೆಗೊಬ್ಬ ಮೆಕ್ಯಾನಿಕ್ಕನನ್ನು ಕರೆಸಿದೆವು. ಅವನು ಯಂತ್ರವನ್ನು ನೋಡಿ, ನಮ್ಮನ್ನು ನೋಡಿ, ಮತ್ತೆ ಯಂತ್ರವನ್ನು ನೋಡಿದ. ಒಳಗಿನ ಬಿಸಿ ಹೊರಗೆ ಹೋಗಲು ದಾರಿಯಿಲ್ಲ, ಚೀಲ ತೆಗೆದರೆ ಸರಿಹೋಗುತ್ತದೆ ಎಂದ. ಅದು ನಮಗೂ ಗೊತ್ತಿತ್ತು. ಸಾಹೇಬರು ಅವನನ್ನು ಕೂರಿಸಿಕೊಂಡು ಕುರ್ಚಿಯ ವೃತ್ತಾಂತವನ್ನು ಮೊದಲಿನಿಂದ ಹೇಳಿದರು. ಕೇಳುತ್ತ ಕೇಳುತ್ತ ಮೆಕ್ಯಾನಿಕ್ಕನ ಮುಖ ಮೆತ್ತಗಾಯಿತು. ತನ್ನ ಸ್ಕೂಟರಿನ ಸೀಟಿಗೂ ಇನ್ನೂ ಕವರ್ ತೆಗೆದಿಲ್ಲವೆಂದೂ, ಕೂತರೆ ಜಾರುತ್ತದೆಂದೂ, ಎರಡು ಸಲ ಬಿದ್ದರೂ ಅದನ್ನು ಕೀಳಲು ಕೈ ಬರಲಿಲ್ಲವೆಂದೂ ಒಪ್ಪಿಕೊಂಡ. ಆಮೇಲೆ, ಹೊರಗಿನಿಂದ ತಂಪು ಕೊಟ್ಟರೂ ನಡೆಯುತ್ತದೆ ಎಂದು ಶಿಫಾರಸು ಬರೆದುಕೊಟ್ಟು ಹೋದ.

ಆ ಪ್ರಕಾರ ಹಿಂದುಗಡೆಯ ಉಗ್ರಾಣವನ್ನು ತೆರವು ಮಾಡಿ ಯಂತ್ರದ ಕೊಠಡಿಯೆಂದು ಘೋಷಿಸಲಾಯಿತು. ದೊಡ್ಡ ಕಿಟಕಿ, ಪಕ್ಕದಲ್ಲೇ ನಲ್ಲಿ, ಗಟ್ಟಿಮುಟ್ಟಾದ ಬಾಗಿಲು. ಯಂತ್ರಕ್ಕೆಂದು ಒಂದು ಏರ್‌ಕೂಲರ್ ಸಹ ಖರೀದಿಯಾಯಿತು. ಅದು ಸರಿಯಾಗಿ ತಂಪು ಕೊಡುತ್ತದೆಯೇ ಎಂದು ಪರೀಕ್ಷಿಸಲು ಸಾಹೇಬರು ಅದನ್ನು ತಮ್ಮ ಮನೆಗೆ ಸಾಗಿಸಿದರು. ಪರೀಕ್ಷೆ ಇನ್ನೂ ನಡೆಯುತ್ತಿದೆ. ಅವರ ಅತ್ತೆಯವರು ಖುದ್ದಾಗಿ ಅದರ ಮುಂದೆ ಕುಳಿತು ಮೇಲ್ವಿಚಾರಣೆ ನಡೆಸುತ್ತಿದ್ದಾರೆ.

ಅಲ್ಲಿಯವರೆಗೆ ಯಂತ್ರಕ್ಕೆ ಗಾಳಿ ಹಾಕುವವರು ಬೇಕಾಯಿತು. ಸಿಬ್ಬಂದಿಯ ಪೈಕಿ ಗಾಳಿ ಹಾಕುವ ಹುದ್ದೆ ಮಂಜೂರಾಗಿರಲಿಲ್ಲ. ಬೆಂಚಿನ ಮೇಲೆ ದಿನವೂ ಕೂರುತ್ತಿದ್ದ ನರ್ಸಮ್ಮ ಎದ್ದು ಬಂದು, ರೋಗಿಯ ಹಣೆ ಮುಟ್ಟುವ ಹಾಗೆ ಚೀಲದ ಮೇಲೆ ಅಂಗೈಯಿಟ್ಟು, "ಮೈ ಕಾದಿದೆ. ಕೊಡಿ ಇಲ್ಲಿ" ಎಂದು ನನ್ನ ಕೈಲಿದ್ದ ಕಡತದ ರಟ್ಟನ್ನು ಕಸಿದುಕೊಂಡಳು. ಅವಳು ಬೀಸುತ್ತಿದ್ದಷ್ಟು ಹೊತ್ತು ಯಂತ್ರ ವಿಶ್ರಾಂತಿಗೆ ಹೋಗಲಿಲ್ಲ. ಸಂಜೆ ಅವಳು ಡ್ಯೂಟಿಗೆ ಹೊರಡಲು ಕೈ ನಿಲ್ಲಿಸಿದ್ದೇ ತಡ, ಹೋಯಿತು. ತುಂಬಿದ್ದ ವಿವರಗಳೂ ಹೋದವು.

ಸಾಹೇಬರು ಯೋಚಿಸಿ ಎರಡನೆಯ ಸುತ್ತೋಲೆ ಹೊರಡಿಸಿದರು. "ಯಂತ್ರವನ್ನು ಹಗಲಿರುಳೂ ಆರಿಸದೆ ಚಾಲೂ ಇಡತಕ್ಕದ್ದು. ಸದರಿ ದಂಪತಿಯನ್ನು ಅರ್ಜಿದಾರ ಪರಿಚಾರಕರೆಂದು ಪರಿಗಣಿಸಲಾಗಿದೆ. ಅರ್ಜಿ ವಿಲೇವಾರಿಯಾಗುವವರೆಗೆ ಅವರು ಯಂತ್ರದ ಕೊಠಡಿಯಲ್ಲಿ ವಾಸವಿದ್ದು ಪಾಳಿಯ ಮೇಲೆ ಗಾಳಿ ಹಾಕತಕ್ಕದ್ದು. ಅರ್ಜಿ ವಿಲೇವಾರಿಯಾದ ದಿನವೇ ಕೊಠಡಿಯನ್ನು ತೆರವು ಮಾಡತಕ್ಕದ್ದು."

ಅವರು ಎರಡು ಪೆಟ್ಟಿಗೆ, ಒಂದು ಚಾಪೆ, ಒಂದು ಸ್ಟೋವಿನ ಜೊತೆ ಬಂದರು. ಬಾಗಿಲಿಗೆ ಒಳಚಿಲಕ ಇತ್ತು. ನರ್ಸಮ್ಮ ಅದನ್ನು ಒಮ್ಮೆ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದಳೆಂದು ಹೊರಗೆ ನಿಂತಿದ್ದ ನನಗೆ ಸದ್ದಿನಿಂದ ತಿಳಿಯಿತು.

ಆಮೇಲೆ ಕಚೇರಿಯ ಹವಾಮಾನವೇ ಬದಲಾಯಿತು. ಬೆಳಿಗ್ಗೆ ನಾವು ಬರುವ ಹೊತ್ತಿಗೆ ಒಗ್ಗರಣೆಯ ವಾಸನೆ ಬರುತ್ತಿತ್ತು. ಕಿಟಕಿಗೆ ಪರದೆ ಬಂತು. ಒಂದು ದಿನ ಇಬ್ಬರೂ ಉಪ್ಪಿನ ವಿಚಾರಕ್ಕೆ ಜಗಳವಾಡಿದರು, ಇನ್ನೊಂದು ದಿನ ಅವನ ತಾಯಿಯ ವಿಚಾರಕ್ಕೆ. ಅವನು ಮುನಿಸಿಕೊಂಡು ಬೆಂಚಿನ ಮೇಲೆ ಬಂದು ಕೂತರೆ ಸಾಹೇಬರೇ ಒಳಗೆ ಹೋಗಿ ರಾಜಿ ಮಾಡಿಸಿ, ಕಾಫಿ ಕುಡಿದು ಬರುತ್ತಿದ್ದರು. ಯಂತ್ರದ ಹತ್ತಿರ ಮಾತ್ರ ಯಾರೂ ದನಿ ಏರಿಸುತ್ತಿರಲಿಲ್ಲ. ಗಾಳಿ ಹಾಕುತ್ತಲೇ ಅವಳು ಸೊಪ್ಪು ಬಿಡಿಸುತ್ತಿದ್ದಳು, ಗಾಳಿ ಹಾಕುತ್ತಲೇ ಅವನು ಪೇಪರು ಓದುತ್ತಿದ್ದ. ಅರ್ಜಿಯೂ ನಿಧಾನವಾಗಿ ಪುಟದಿಂದ ಪುಟಕ್ಕೆ ಸಾಗುತ್ತಿತ್ತು.

ಅಷ್ಟರಲ್ಲಿ ಒಂದು ಕೆಟ್ಟ ಸುದ್ದಿ ಬಂತು. ಪಂಪ್‌ಹೌಸಿನ ಹಿಂದಿನ ಆ ವಸತಿಗೃಹವನ್ನು ಮೇಲಧಿಕಾರಿಯ ಭಾವಮೈದುನನಿಗೆ ಕೊಟ್ಟುಬಿಟ್ಟಿದ್ದರು. ಇನ್ನೊಂದು ಮನೆ ಖಾಲಿಯಾಗುವುದು ಯಾರಾದರೂ ನಿವೃತ್ತರಾದ ಮೇಲೆ. ಸದ್ಯಕ್ಕೆ ಅಲ್ಲಿರುವವರೆಲ್ಲ ಎಳೆಯ ಪ್ರಾಯದವರು. ಪಂಪ್ ಆಪರೇಟರು ಈ ಸುದ್ದಿಯನ್ನು ಹೆಂಡತಿಗೆ ಹೇಳಿದ್ದು ನಮ್ಮೆಲ್ಲರ ಎದುರಿಗೇ. ಅವಳು ಬೀಸುವ ಕೈ ಬದಲಿಸಿದಳು.

ಸರಿಯಾಗಿ ಅದೇ ವಾರ ಅರ್ಜಿ ಕೊನೆಯ ಪುಟಕ್ಕೆ ಬಂತು. ಟೈಪಿಸ್ಟ್ ಅಕ್ಕ ಕೂಗಿ ಕರೆದರು. ನಾವೆಲ್ಲ ಯಂತ್ರದ ಕೊಠಡಿಯಲ್ಲಿ ನೆರೆದೆವು. ಬೆಂಚಿನ ಮೇಲೆ ಕಾಯುತ್ತಿದ್ದ ಇತರ ಜೋಡಿಗಳೂ ಬಾಗಿಲಲ್ಲಿ ಇಣುಕಿದರು. ಪರದೆಯ ಮೇಲೆ ಒಂದೇ ಸಾಲು: "ಈ ವಿವಾಹವನ್ನು ಖಚಿತಪಡಿಸುವಿರಾ?" ಕೆಳಗೆ ಹೌದು, ಇಲ್ಲ ಎಂಬ ಎರಡು ಗುಂಡಿಗಳು. ಸಾಹೇಬರು ಅಂಗಿಯ ಕಾಲರು ಸರಿಪಡಿಸಿಕೊಂಡು, ಕಚೇರಿಯ ಇತಿಹಾಸದಲ್ಲಿ ಇದೊಂದು ಸುದಿನ ಎಂದು ಸಣ್ಣ ಭಾಷಣ ಮಾಡಿ, ಒತ್ತುವ ಗೌರವವನ್ನು ನರ್ಸಮ್ಮನಿಗೆ ಬಿಟ್ಟುಕೊಟ್ಟರು.

ಅವಳು ಗಂಡನ ಮುಖ ನೋಡಿದಳು. ಅವನು ಪೆಟ್ಟಿಗೆಗಳ ಕಡೆ ನೋಡಿದ. ಹೌದು ಎಂದು ಒತ್ತಿದರೆ ಸಂಜೆಯೊಳಗೆ ಅವಳು ಹಾಸ್ಟೆಲಿಗೆ, ಅವನು ಗೊರಕೆಯ ಕೋಣೆಗೆ. ಮದುವೆಯಾಗಿದೆ ಎಂಬ ಕಾಗದ ಒಂದು ಪೆಟ್ಟಿಗೆಯಲ್ಲಿ.

ಅವಳು ರಟ್ಟನ್ನು ಕೆಳಗಿಟ್ಟಳು. ಎಲ್ಲರೂ ಕಾದೆವು. ಸ್ವಲ್ಪ ಹೊತ್ತಿಗೆ ಯಂತ್ರ ಬುಸುಗುಟ್ಟಿತು, ಪರದೆ ಕಪ್ಪಾಯಿತು.

"ಪಾಪ, ಸುಸ್ತಾಗಿದೆ ಸಾರ್. ಮಲಗಲಿ" ಎಂದಳು ಅವಳು.

ಸಾಹೇಬರು ಅವಳನ್ನು ದಿಟ್ಟಿಸಿ ನೋಡಿದರು. ಒಗ್ಗರಣೆಯ ವಾಸನೆ ಬರುತ್ತಿತ್ತು. ಕಾಫಿಯ ಲೋಟಗಳನ್ನು ಆಗಲೇ ಜೋಡಿಸಿಟ್ಟಿದ್ದರು. ಸಾಹೇಬರು ಗಂಟಲು ಸರಿಪಡಿಸಿಕೊಂಡು, "ಯಂತ್ರ ಸ್ವಯಂ ವಿಶ್ರಾಂತಿಗೆ ತೆರಳಿದೆ. ಅರ್ಜಿ ಮೊದಲನೇ ಪುಟದಿಂದ ಶುರುವಾಗ್ಲಿ" ಎಂದು ಆದೇಶಿಸಿದರು. ಟೈಪಿಸ್ಟ್ ಅಕ್ಕ ವರನ ವಿವರ ತುಂಬಲು ಕೂತರು. ಆಪರೇಟರು ರಟ್ಟು ಎತ್ತಿಕೊಂಡು ಹುರುಪಿನಿಂದ ಬೀಸತೊಡಗಿದ. ನನ್ನ ಕಣ್ಣು ಒದ್ದೆಯಾಗಿದ್ದು ಒಗ್ಗರಣೆಯ ಘಾಟಿಗೆ ಎಂದು ಹೇಳಬಹುದು, ಆದರೆ ಹಾಗಲ್ಲ.

ಇದನ್ನೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಜೋಡಿಗಳಲ್ಲಿ ಯಾರೂ ತಕರಾರು ಎತ್ತಲಿಲ್ಲ. ಸಾಲಿನ ಮೊದಲಿಗಿದ್ದವರು ಬಡಗಿ ಮತ್ತು ಅವನ ಹೆಂಡತಿ. ಬೇಗ ಆಗಲಿ ಎಂದು ಬೆಳಿಗ್ಗೆಯಷ್ಟೇ ನನ್ನ ಜೊತೆ ಜಗಳವಾಡಿದ್ದವರು. ಬಡಗಿ ಕೊಠಡಿಯನ್ನು ಮೂಲೆಯಿಂದ ಮೂಲೆಗೆ ಕಣ್ಣಿನಲ್ಲೇ ಅಳೆದ. ಅವನ ಹೆಂಡತಿ ಕಿಟಕಿಯ ಪರದೆಯನ್ನು ನೋಡಿದಳು, ನಲ್ಲಿಯನ್ನು ನೋಡಿದಳು, ಕೊನೆಗೆ ಸಾಹೇಬರ ಹತ್ತಿರ ಬಂದು ಮೆಲ್ಲಗೆ ಕೇಳಿದಳು.

"ಸಾರ್, ಇನ್ನೊಂದು ಹೊಸ ಲ್ಯಾಪ್‌ಟಾಪು ಯಾವಾಗ ಬರುತ್ತೆ?"

"ಬರೆದು ಹಾಕಿದ್ದೀವಿ ತಾಯಿ, ಕೂತಿರಿ" ಎಂದರು ಸಾಹೇಬರು.

ಇಬ್ಬರೂ ಹೋಗಿ ಬೆಂಚಿನ ಮೇಲೆ ಕೂತರು. ಹಿಂದಿದ್ದವರು ಅವರ ಪಕ್ಕ ಸರಿದು ಕೂತರು.