ಗಂಡನ ಹೆಸರು ಕೇಳಿದ ಟೋಲ್ ಗೇಟು

ನಾನು ಓದಿದ್ದು ಎರಡನೇ ತರಗತಿ. ಅನುಮಾನಪಡುವುದರಲ್ಲಿ ಮಾತ್ರ ಯಾವ ಮಾಸ್ತರನಿಗೂ ಕಡಿಮೆಯಿಲ್ಲ. ಕೇಳುವ ಮೊದಲೇ ಹೇಳುವವರನ್ನು ನಾನು ನಂಬುವುದಿಲ್ಲ. ನಮ್ಮ ಓಣಿಯ ನಿಂಗವ್ವ ಹಾಗೆಯೇ. ಬಾಗಿಲಿಗೆ ಯಾರು ಬಂದರೂ ಮನೆಯ ಗುಟ್ಟೆಲ್ಲ ಬಿಚ್ಚಿಡುತ್ತಾಳೆ. ನಮ್ಮ ಕಾರೂ ಅದೇ ಪೈಕಿ ಎಂದು ಸೊಸೆ ಶಾಂತಾಳಿಂದ ತಿಳಿಯಿತು. ಮುಂದಿನ ಗಾಜಿಗೆ ಅಂಟಿಸಿದ ಫಾಸ್ಟ್ಯಾಗ್ ಬಿಲ್ಲೆ, ಗಾಡಿ ಯಾರದೆಂದು ಟೋಲ್ ಗೇಟಿಗೆ ಗಾಳಿಯಲ್ಲೇ ಹೇಳಿಬಿಡುತ್ತದಂತೆ.

"ನಡುವ ನಿಂತಾವ್ರು ಕೇಳಿಸ್ಕೊಂಡ್ರ?" ಎಂದೆ.

"ಅದು ಗುಟ್ಟಿನ ಭಾಷಾದಾಗ ಮಾತಾಡ್ತೈತ್ರಿ ಅತ್ತಿ."

ನಿಂಗವ್ವನೂ ಎಲ್ಲವನ್ನೂ ಗುಟ್ಟಿನಲ್ಲೇ ಹೇಳುತ್ತಾಳೆ. ಶಾಂತಾ ಅತ್ತ ಹೋದದ್ದೇ ತಡ, ಬಿಲ್ಲೆಯನ್ನು ಕಿತ್ತು ನನ್ನ ಎಲೆಯಡಿಕೆ ಚೀಲದಲ್ಲಿ ಭದ್ರವಾಗಿಟ್ಟೆ.

ಮರುದಿನ ಕೊಪ್ಪಳದಲ್ಲಿ ಶಾಂತಾಳ ಅಂಗನವಾಡಿ ಕೆಲಸದ ಕಾಗದಪತ್ರ ನೋಡುವವರಿದ್ದರು. ಹನ್ನೊಂದು ದಾಟಿದರೆ ಕೆಲಸ ಇನ್ನೊಬ್ಬಳಿಗೆ. ಅವಳೇ ಕಾರು ನಡೆಸಿದಳು, ಪಕ್ಕದಲ್ಲಿ ನಾನು. ಹೆದ್ದಾರಿಯಲ್ಲಿ ಗೇಟಿನ ಕೋಲು ಏಳಲೇ ಇಲ್ಲ. ಸುಣ್ಣ ಮೆತ್ತಿದ ಬಿಲ್ಲೆಯನ್ನು ಚೀಲದಿಂದ ತೆಗೆದುಕೊಟ್ಟೆ. ಶಾಂತಾ ನನ್ನತ್ತ ನೋಡಿದ ನೋಟವನ್ನು ಬರೆಯಲು ಎರಡನೇ ತರಗತಿ ಸಾಲದು.

ಗೇಟಿನವನು ಅದಕ್ಕೆ ಕೈಯಂತ್ರ ಹಿಡಿದು, "ಸಡ್ಲ ಬಿಲ್ಲೆ ನಡ್ಯಾಂಗಿಲ್ರಿ. ಯಾರ ಗಾಡೀದು ಕಿತ್ಕೊಂಡು ಬಂದೀರಿ ಅಜ್ಜಿ? ಮಾಲಕರ ಹೆಸರು ಹೇಳ್ರಿ, ಹೊಂದಿದ್ರ ಬಿಡ್ತೀನಿ" ಎಂದ.

ಕಾರು ನಮ್ಮ ಯಜಮಾನರ ಹೆಸರಿನಲ್ಲಿದೆ. ಮದುವೆಯಾದಾಗಿನಿಂದ ಆ ಹೆಸರು ನನ್ನ ಬಾಯಿಂದ ಒಡಪಿನಲ್ಲಿ ಮಾತ್ರ ಬಂದಿದೆ. ಶುಭಕಾರ್ಯದಲ್ಲಿ ಹೆಂಗಸರು ಹೊಸ್ತಿಲಿಗೆ ಅಡ್ಡ ನಿಂತು, ಗಂಡನ ಹೆಸರು ಹೇಳದೆ ಒಳಗೆ ಬಿಡುವುದಿಲ್ಲವೆಂದು ಕಾಡುತ್ತಾರಲ್ಲ, ಆಗ ಪ್ರಾಸ ಕಟ್ಟಿ ಹೇಳುವ ಮಾತು ಅದು.

"ನೀನ ಹೇಳವಾ" ಎಂದು ಶಾಂತಾಳಿಗೆ ಹೇಳಿದೆ.

"ಮಾವನ ಹೆಸರು ಬಾಯಾಗ ಬರಬಾರ್ದಂತ ಕಲಿಸಿದವ್ರು ನೀವ ಅಲ್ಲೇನ್ರಿ? ಹತ್ತೂಕಾಲಾತು, ಲಗೂನ ಹೇಳ್ರಿ ಅತ್ತಿ!"

ಹಿಂದೆ ಲಾರಿಗಳು ಹಾರ್ನ್ ಬಾರಿಸತೊಡಗಿದವು. ಅವುಗಳಿಗಿಂತ ಮೇಲೆ ಗಂಟಲೆತ್ತಿದೆ:

"ಕನಕಗಿರಿ ಸಂತ್ಯಾಗ ತಂದೀನಿ ಎಲಿ,
ಹನುಮಪ್ಪಗ ಗೊತ್ತಿಲ್ಲ ಹೇಣ್ತಿ ಬೆಲಿ!"

"ಹೊಂದೈತ್ರಿ!" ಎಂದು ಗೇಟಿನವನು ನಗುತ್ತ ಕೋಲು ಎತ್ತಿಸಿದ. ಹಿಂದಿನ ಲಾರಿಯವನು, "ಹನುಮಪ್ಪಣ್ಣಗ ತಿಳಿಸ್ತೀವಿ ಬಿಡಬೇ ಅಜ್ಜಿ!" ಎಂದು ಕೂಗಿದ.

ಶಾಂತಾ ಹನ್ನೊಂದಕ್ಕೆ ಐದು ನಿಮಿಷ ಮೊದಲೇ ಮುಟ್ಟಿದಳು, ಕೆಲಸವೂ ಸಿಕ್ಕಿತು. ಹೊಸ ಬಿಲ್ಲೆ ಬಂದಾಗ ಗಾಜಿಗೆ ಒತ್ತಿ ಅಂಟಿಸಿದವಳು ನಾನೇ. ಅದು ಗೇಟಿಗಷ್ಟೇ ಪಿಸುಗುಟ್ಟುತ್ತದೆ. ಗುಟ್ಟು ಕಾಯಲು ಹೊರಟ ನಾನು ಹೆದ್ದಾರಿಗೆಲ್ಲ ಸಾರಿದ್ದೆ, ಅದೂ ಪ್ರಾಸ ಕಟ್ಟಿ.