ಬೊಳ್ಳಿ ಕೂಗಿದ ದಿನ

ಬೆಳಗಿನ ಗಂಜಿ ಬಾಯಿಗೆ ಹೋಗುವ ಮೊದಲೇ ಹಟ್ಟಿಯಲ್ಲಿ ಬೊಳ್ಳಿ ಹಸು ಕೂಗಿತು. ನರಿಮೊಗರಿನ ಚನಿಯಪ್ಪನ ಕಣ್ಣಲ್ಲಿ ಸಂತೋಷಕ್ಕೆ ನೀರೇ ಬಂತು. ಎರಡು ವರ್ಷದಿಂದ ಆ ಹಸು ಬೆದೆಗೆ ಬಂದದ್ದನ್ನು ಅವನು ಕಂಡಿರಲಿಲ್ಲ. ಮದುವೆಯಲ್ಲಿ ಹಸು ಕೊಟ್ಟ ಮಾವ ಕುಕ್ಕಪ್ಪ ಗೌಡರು, "ಕರು ಹಾಕದ ಹಸು ನಿಮಗೆ ಯಾಕೆ? ಬೇಸ್ತವಾರ ಬಂದು ನಮ್ಮ ಕಡಬಕ್ಕೆ ಕೊಂಡುಹೋಗ್ತೇನೆ" ಎಂದು ಹೇಳಿ ಕಳಿಸಿದ್ದರು. ಬೇಸ್ತವಾರ ಬಂದೇಬಿಟ್ಟಿತ್ತು. ಮಾನ ಹೋಗುವ ಭಯಕ್ಕೆ ಚನಿಯಪ್ಪ ಮೂರು ದಿನ ಮೊದಲೇ, ಹೆಂಡತಿ ಪ್ರೇಮಾವತಿಗೂ ಹೇಳದೆ, ಸಂತೆಯಲ್ಲಿ ಸಿಕ್ಕಿದ ಅರೆವೈದ್ಯನೊಬ್ಬನಿಂದ ಬೆದೆ ಬರಿಸುವ ಇಂಜೆಕ್ಷನ್ ಚುಚ್ಚಿಸಿದ್ದ.

"ಮೇಯಿಸಿಕೊಂಡು ಬರ್ತೇನೆ" ಎಂದು ಹೆಂಡತಿಗೆ ಸುಳ್ಳು ಹೇಳಿ, ಹಸುವಿಗೆ ಗಬ್ಬಕ್ಕೆ ಬೀಜ ಕೊಡಿಸಲು ಪುತ್ತೂರಿನ ದನದ ಆಸ್ಪತ್ರೆಗೆ ಹೊರಟ.

ದಾರಿಯಲ್ಲಿ ಮುಂಡು ಬಿಗಿಯಲು ಬಗ್ಗಿದ್ದೇ ತಪ್ಪಾಯಿತು. ಬೊಳ್ಳಿ ಎರಡು ಮುಂಗಾಲನ್ನೂ ಅವನ ಹೆಗಲ ಮೇಲಿಟ್ಟಿತು, ಹಿರಿಯರು ಆಶೀರ್ವಾದ ಮಾಡಿದ ಹಾಗೆ. ಚನಿಯಪ್ಪ ಕೆಸರಿಗೆ ಬಿದ್ದ.

"ಚನಿಯಪ್ಪಾ, ಹಸುವಿಗೆ ನಿನ್ನ ಮೇಲೆಯೇ ಮನಸ್ಸಾಗಿದೆ ಮಾರಾಯಾ!" ಬೇಲಿಯಾಚೆಯಿಂದ ದಾರಿಬದಿಯ ಮನೆಯ ಬೀಫಾತುಮ್ಮ ನಕ್ಕಳು.

ಕೈಕೊಟ್ಟು ಎಬ್ಬಿಸಿದವನು ನೆರೆಮನೆಯ ಕುಂಞಿ ಮೋನು. ಅವನ ಹೋರಿ ಚನಿಯಪ್ಪನ ವೀಳ್ಯದ ಬಳ್ಳಿ ತುಳಿದಂದಿನಿಂದ ಇಬ್ಬರಿಗೂ ಮಾತಿಲ್ಲ. ಹಾಗಾಗಿ ಕುಂಞಿ ಮೋನು ಹಸುವಿನೊಡನೆ ಮಾತಾಡಿದ.

"ಬೊಳ್ಳೀ, ಎಂತ ಬೊಬ್ಬೆ ಇದು? ನಿನ್ನ ಯಜಮಾನರಿಗೆ ಹೇಳು, ತಿರುಗಿ ಮನೆಗೆ ಹೋಗುದು ಒಳ್ಳೆಯದು."

"ಬೊಳ್ಳೀ, ಬುದ್ಧಿ ಹೇಳುವವರು ಮೊದಲು ಅವರ ಹೋರಿಗೆ ಹೇಳಲಿ." ಚನಿಯಪ್ಪನೂ ಹಸುವಿಗೇ ಹೇಳಿದ.

"ಆ ಹೋರಿಯ ವಿಷಯವೇ ಒಂದು ಮಾತುಂಟು..."

"ಬೊಳ್ಳೀ, ನಮಗೆ ಕಿವಿ ಕೇಳುದಿಲ್ಲ ಅಂತ ಹೇಳು."

ಕುಂಞಿ ಮೋನು ಬೆನ್ನು ಬಿಡಲಿಲ್ಲ; ಹೀಗೆ ಹಸು ಸೇರಿ ಮೂವರೂ ಪುತ್ತೂರು ಮುಟ್ಟಿದರು. ಅಷ್ಟರಲ್ಲಿ ಬೊಳ್ಳಿ ಒಂದು ಎತ್ತಿನಗಾಡಿಯನ್ನೂ ಒಬ್ಬ ಅಂಚೆಯವನನ್ನೂ ಹತ್ತಲು ನೋಡಿತ್ತು.

ಡಾಕ್ಟರು ಹಸುವಿನೊಳಗೆ ಮೊಣಕೈವರೆಗೆ ಕೈ ಹಾಕಿ ನೋಡಿ, ಚನಿಯಪ್ಪನ ಕಡೆ ತಿರುಗಿದರು.

"ಇಂಜೆಕ್ಷನ್ ಕೊಡಿಸಿದಿರಾ?"

"ಹೌದು, ಸ್ವಾಮಿ."

"ಇದು ಮೂರು ತಿಂಗಳ ಗಬ್ಬ. ಗರ್ಭ ನಿಂತರೆ ಅಂಡಾಶಯದಲ್ಲಿ ಒಂದು ಹಳದಿ ಗಂಟು ಉಳಿದು, ಮತ್ತೆ ಬೆದೆ ಬಾರದಂತೆ ಕಾಯುತ್ತದೆ. ಅದಕ್ಕೇ ಹಸು ಸುಮ್ಮನಿದ್ದದ್ದು. ನಿಮ್ಮ ಮದ್ದು ಆ ಗಂಟನ್ನು ಕರಗಿಸಿ, ಇಲ್ಲದ ಬೆದೆಯನ್ನು ಕೂಗಿಸಿತು. ಗರ್ಭಕೋಶದ ಬಾಯಿ ತೆರೆದಿದೆ. ಕರು ಇನ್ನು ನಿಲ್ಲುದಿಲ್ಲ, ಬಿದ್ದುಹೋಗುತ್ತದೆ."

"ಯಾವ ಹೋರಿಯಿಂದ ಗಬ್ಬ? ನಾನು ಹೋರಿಯ ಹತ್ತಿರ ಕೊಂಡುಹೋಗಲೇ ಇಲ್ಲ!" ಎಂದ ಚನಿಯಪ್ಪ.

ಬಾಗಿಲಲ್ಲಿ ನಿಂತಿದ್ದ ಕುಂಞಿ ಮೋನು ಮತ್ತೆ ಹಸುವಿನ ಕಡೆ ತಿರುಗಿದ. "ಬೊಳ್ಳೀ, ಮೂರು ತಿಂಗಳ ಹಿಂದೆ ನೀನು ಬೆದೆಗೆ ಬಂದಾಗ ನಿನ್ನನ್ನು ನಮ್ಮ ಹೋರಿಯ ಹತ್ತಿರ ತಂದದ್ದು ಪ್ರೇಮಾವತಿಯಕ್ಕ. ಯಜಮಾನರಿಗೆ ಹೇಳಬಾರದು ಅಂತ ಆಣೆ ಹಾಕಿಸಿದ್ದರು."

ವಾಪಸು ಬರುವಾಗ ಯಾರೂ ಮಾತಾಡಲಿಲ್ಲ, ಹಸುವಿನೊಡನೆಯೂ.

ಅಂಗಳದಲ್ಲಿ ಕುಕ್ಕಪ್ಪ ಗೌಡರು ನಿಂತಿದ್ದರು. ಪಕ್ಕದಲ್ಲಿ ಪ್ರೇಮಾವತಿ, ಮದುಮಗಳ ಹಾಗೆ ನಾಚಿಕೊಂಡು.

"ಅಳಿಯಾ! ಮಗಳು ಎಲ್ಲ ಹೇಳಿದಳು, ಬೊಳ್ಳಿಗೆ ಮೂರು ತಿಂಗಳಂತೆ! ಹಸು ಇಲ್ಲೇ ಇರ್ಲಿ. ನೆಂಟರಿಗೆಲ್ಲ ಆಗಲೇ ಹೇಳಿ ಕಳಿಸಿದ್ದೇನೆ, ಕರು ನೋಡ್ಲಿಕ್ಕೆ ನಾವೆಲ್ಲ ಒಟ್ಟಿಗೆ ಬರುದು!"

ನಿಜ ಹೇಳಲೆಂದು ಚನಿಯಪ್ಪ ಬಾಯಿ ತೆರೆದ. ಮಾವ ಅದರೊಳಗೆ ಬೆಲ್ಲದ ದೊಡ್ಡ ತುಂಡೊಂದನ್ನು ತುರುಕಿದರು.